ಎರೆ ಕಟ್ಟುವ ಕೈಗೂ ಲೆಕ್ಕ ಬೇಕು



"ಗಾಳಕ್ಕೆ ಮೀನು ಚುಚ್ಚೋದು ಏನು ಮಹಾ ಕೆಲಸ? ಸಣ್ಣ ಹುಡುಗರೂ ಮಾಡ್ತಾರ." ಆಳಸಮುದ್ರದ ಬೋಟಿಗೆ ಜನ ಕೂಡಿಸಲು ಬರುವ ಮೇಸ್ತ್ರಿಗಳು ನಮ್ಮ ಕುಂಕಳ್ಳಿಯ ಕೈಗಾರಿಕಾ ವಸಾಹತಿನ ಹುಡುಗರಿಗೆ ಹೇಳುವ ಮಾತು ಇದು. ಎಸ್ಟೇಟಿನಲ್ಲಿ ಕೆಲಸ ನಿಂತಾಗ, ಇಲ್ಲವೇ ಗುತ್ತಿಗೆದಾರ ಹದಿನೈದು ದಿನ ಗೇಟಿನ ಹೊರಗೆ ನಿಲ್ಲಿಸಿದಾಗ, ಈ ಮಾತು ಕಿವಿಗೆ ಹಿತವಾಗಿ ಕೇಳುತ್ತದೆ. ಮುಂಗಡವಾಗಿ ಒಂದಿಷ್ಟು ಹಣ ಕೈಗೆ ಬೀಳುತ್ತದೆ. ಗದಗ, ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಬಂದ, ಹೊಳೆಯ ಮೀನು ಬಿಟ್ಟರೆ ಬೇರೆ ಮೀನು ನೋಡದ ಹುಡುಗ ಒಂದು ದಿನ ಬೋಟು ಹತ್ತಿಬಿಡುತ್ತಾನೆ. ಮೇಸ್ತ್ರಿ ಹೇಳುವ ಈ ಮಾತು ಸುಳ್ಳು ಎಂಬುದನ್ನೂ, ಆ ಸುಳ್ಳಿನಿಂದ ಯಾರಿಗೆ ಲಾಭ ಎಂಬುದನ್ನೂ ಈ ಸಲ ಬರೆಯಬೇಕೆಂದಿದ್ದೇನೆ.

ಮೊದಲು ಒಂದು ಪದದ ವಿಷಯ. ಎರೆ ಎಂದರೆ ನಮ್ಮ ಕಡೆಯ ಕಪ್ಪು ಎರೆಭೂಮಿ ಅಲ್ಲ. ಗಾಳಕ್ಕೆ ಸಿಕ್ಕಿಸುವ ಆಹಾರಕ್ಕೆ ಕರಾವಳಿಯಲ್ಲಿ ಎರೆ ಎನ್ನುತ್ತಾರೆ. ಹೊಳೆಯಲ್ಲಿ ಎರೆಹುಳು ಸಾಕು. ಸಮುದ್ರದ ದೊಡ್ಡ ಶಾರ್ಕಿಗೆ, ಅಂದರೆ ಮಂಗಳೂರಿನವರು ತಾಟೆ ಎನ್ನುವ ಮತ್ತು ಗೋವೆಯವರು ಮೋರಿ ಎನ್ನುವ ಮೀನಿಗೆ, ಇಡೀ ಮೀನನ್ನೇ ಎರೆಯಾಗಿ ಕಟ್ಟಬೇಕು. ಬಂಗುಡೆ, ಸಣ್ಣ ಕೇದರ, ಕೈಗೆ ಸಿಕ್ಕ ಬೇರೆ ಎಣ್ಣೆಮೀನು ಯಾವುದಾದರೂ ಆದೀತು. ನಮ್ಮ ಮನೆಯ ಸಾರಿಗೆ ಬೀಳಬೇಕಾದ ಮೀನೇ ಅದು. ಈಗ ಅದಕ್ಕೆ ಮೂರು ಕಡೆ ಗಿರಾಕಿ: ನಮ್ಮ ಗಡಿಗೆ, ನಮ್ಮದೇ ಎಸ್ಟೇಟಿನ ಮೀನಿನ ಪುಡಿಯ ಕಾರ್ಖಾನೆ, ಮತ್ತು ಗಾಳ. ಬಂಗುಡೆಯ ದರ ಯಾಕೆ ಇಳಿಯುವುದಿಲ್ಲ ಎಂದು ಅಕ್ಕಂದಿರು ಕೇಳುತ್ತಾರೆ. ಉತ್ತರದ ಒಂದು ತುಂಡು ಇಲ್ಲಿದೆ.

ಇಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ನಮಗೆ ಹತ್ತಿರದ ಕುಟ್ಬಣ ಜೆಟ್ಟಿಯಲ್ಲಿ ಸಾಳ ನದಿಯ ಬಾಯಿಗೆ ಬಂದು ನಿಲ್ಲುವ ಬೋಟುಗಳು ಹೆಚ್ಚಾಗಿ ಬಲೆಯವು. ಅವಕ್ಕೆ ಮೋರಿ ಸಿಕ್ಕುವುದು ಬಲೆಯಲ್ಲಿ, ಅದೂ ಬಹುಮಟ್ಟಿಗೆ ಮೊಳದುದ್ದದ್ದು. ಇಡೀ ಮೀನು ಕಟ್ಟಿ, ದಡ ಕಾಣದ ಸಮುದ್ರದಲ್ಲಿ ದೊಡ್ಡ ತಾಟೆ ಹಿಡಿಯುವ ವಿದ್ಯೆಯಲ್ಲಿ ಹೆಸರಾದವರು ಕನ್ಯಾಕುಮಾರಿ ಜಿಲ್ಲೆಯ ತೂತ್ತೂರಿನವರು. ನೀರೋಡಿಯಿಂದ ಹಿಡಿದು ವಳ್ಳವಿಳೈ, ಚಿನ್ನತುರೈ, ತೂತ್ತೂರು, ಪೂತ್ತುರೈ ಎಂದು ಸಾಲಾಗಿ ಎಂಟು ಊರುಗಳು. ಬಹುಪಾಲು ಜನ ತಿರುವನಂತಪುರ ಲತೀನ್ ಮಹಾಧರ್ಮಪ್ರಾಂತದ ಕಥೋಲಿಕರು. ಅವರ ದೊಡ್ಡ ಬೋಟುಗಳು ಬಹಳಷ್ಟು ಕೊಚ್ಚಿಯ ಬಂದರಿನಿಂದ ಹೊರಟು, ಕರ್ನಾಟಕ, ಗೋವಾ, ಗುಜರಾತಿನ ಆಚೆಯ ಆಳಸಮುದ್ರದವರೆಗೆ ಹೋಗಿ, ವಾರಗಟ್ಟಲೆ ಅಲ್ಲೇ ಇರುತ್ತವೆ. ಹಿಂದೆ ತಂದೆ, ಮಗ, ಭಾವ, ಮೈದುನ ಕೂಡಿ ಒಂದೇ ಬೋಟು ಹತ್ತುತ್ತಿದ್ದರು. ಈಚೆಗೆ ಆಳಸಮುದ್ರದ ಬೋಟುಗಳಿಗೆ ಹೊರರಾಜ್ಯದ ಕೂಲಿಗಳೂ ಹತ್ತುತ್ತಿದ್ದಾರೆ. ಅವರಿಗೆ ಭಾಷೆ ಬಾರದು, ಸಮುದ್ರ ಗೊತ್ತಿಲ್ಲ. ಅಂಥವರಿಗೆ ಕೊಡುವ ಮೊದಲ ಕೆಲಸ ಎರೆ ಕಟ್ಟುವುದು.

ಆ ಕೆಲಸ ಏನೆಂದು ಸ್ವಲ್ಪ ವಿವರವಾಗಿ ನೋಡೋಣ.

ಗಾಳದ ಸಾಲು ಎಂದರೆ ಮೈಲುಗಟ್ಟಲೆ ಉದ್ದದ ಒಂದು ತಾಯಿಹಗ್ಗ. ಅದು ಮುಳುಗದಂತೆ ಅಲ್ಲಲ್ಲಿ ತೇಲುಬುರುಡೆ. ಹಗ್ಗದಿಂದ ಕೆಳಕ್ಕೆ ಇಳಿಬಿಟ್ಟ ನೂರಾರು ಕವಲು ದಾರಗಳು, ಒಂದೊಂದರ ತುದಿಗೆ ಒಂದೊಂದು ಗಾಳ. ತಾಟೆಯ ಹಲ್ಲು ನೈಲಾನ್ ದಾರವನ್ನು ಹುಲ್ಲಿನಂತೆ ಕತ್ತರಿಸುತ್ತದೆ. ಅದರ ಚರ್ಮವೂ ಮರಳು ಕಾಗದದಂತೆ ಒರಟು, ಉಜ್ಜಿದರೆ ದಾರ ಸವೆಯುತ್ತದೆ. ಆದುದರಿಂದ ಗಾಳದ ಹತ್ತಿರ ಉಕ್ಕಿನ ತಂತಿ ಬೇಕು. ತಂತಿಯ ತುದಿಯನ್ನು ಮಡಚಿ ಲೋಹದ ಕೊಳವೆಯಲ್ಲಿ ತೂರಿಸಿ ಒತ್ತಿ ಬಿಗಿಯುತ್ತಾರೆ. ಆ ತುದಿಯಲ್ಲಿ ಒಂದು ಎಳೆ ಹೊರಗೆ ಚಾಚಿದ್ದರೆ ಸಾಕು, ಅಂಗೈ ಸೀಳುತ್ತದೆ.

ಇನ್ನು ಎರೆಯ ಮೀನು. ಅದರ ಕಿವಿರು ಕೆಂಪಾಗಿರಬೇಕು, ಹೊಟ್ಟೆ ಒಡೆದಿರಬಾರದು. ಐಸಿನಿಂದ ತೆಗೆದ ಮೀನು ಪೂರ್ತಿ ಕರಗಿದರೆ ಮೆತ್ತಗಾಗಿ ನೀರಿಗೆ ಬಿದ್ದ ಕೂಡಲೇ ಗಾಳದಿಂದ ಜಾರುತ್ತದೆ. ಪೂರ್ತಿ ಗಟ್ಟಿಯಿದ್ದರೆ ಗಾಳ ಒಳಗೆ ಹೋಗುವುದಿಲ್ಲ, ಜಾರಿ ಕೈಗೆ ಬರುತ್ತದೆ. ಅರ್ಧ ಕರಗಿದ ಹದದಲ್ಲೇ ಹಿಡಿಯಬೇಕು. ಕಲ್ಲುಪ್ಪು ಹಾಕಿಟ್ಟರೆ ನೀರು ಬಿಟ್ಟು ಮಾಂಸ ಬಿಗಿಯಾಗುತ್ತದೆ. ಉಪ್ಪಿನಕಾಯಿ ಹಾಕಿದ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಾಳ ಎಲ್ಲಿ ಹೋಗಬೇಕು? ಬೋಟಿನ ಅವಸರದಲ್ಲಿ ಕಣ್ಣಿನ ಗುಳಿಯ ಮೂಲಕವೋ ತಲೆಯ ಹಿಂದಿನ ದಪ್ಪ ಬೆನ್ನಿನ ಮೂಲಕವೋ ತೂರಿಸುತ್ತಾರೆ, ಯಾಕೆಂದರೆ ಅಲ್ಲಿ ಎಲುಬು ಗಟ್ಟಿ. ಗಾಳದ ಮೊನೆ ಹೊರಗೆ ಇರಲೇಬೇಕು. ಗಾಳದ ಬಾಗಿನಲ್ಲಿ ಮಾಂಸ ತುಂಬಿಕೊಂಡರೆ ತಾಟೆ ಕಚ್ಚಿದರೂ ಮೊನೆ ನಾಟುವುದಿಲ್ಲ. ಮೀನಿನ ನಡುಗೆರೆಯಿಂದ ಸ್ವಲ್ಪ ಓರೆಯಾಗಿ ಚುಚ್ಚಿದರೆ ಅದು ಹರಿವಿನಲ್ಲಿ ಬುಗುರಿಯಂತೆ ತಿರುಗುತ್ತದೆ. ತಿರುಗಿದರೆ ಕವಲು ದಾರ ಮುರಿಗೆ ಬಿದ್ದು ತಾಯಿಹಗ್ಗಕ್ಕೆ ಸುತ್ತಿಕೊಳ್ಳುತ್ತದೆ. ಬೆಳಗಿನ ಜಾವ ಅದನ್ನು ಬಿಡಿಸುವವನೂ ಎರೆ ಕಟ್ಟಿದವನೇ.

ಹೊರದೇಶಗಳಲ್ಲಿ, ಅಮೆರಿಕದ ಫ್ಲಾರಿಡಾ ಮತ್ತು ಆಸ್ಟ್ರೇಲಿಯಾದ ಕಡೆ, ಶ್ರೀಮಂತರು ಮೋಜಿಗಾಗಿ ಕೋಲುಗಾಳದಲ್ಲಿ ಶಾರ್ಕ್ ಹಿಡಿಯುತ್ತಾರೆ. ಅಲ್ಲಿ ಒಂದೊಂದು ಎರೆಯನ್ನೂ ದರ್ಜಿಯ ಹಾಗೆ ಸೂಜಿ ಮತ್ತು ಮೇಣದ ದಾರದಿಂದ ಹೊಲಿಯುವ ಪದ್ಧತಿಯಿದೆ. ನೀರು ನುಗ್ಗಿ ಮೀನು ಹರಿಯಬಾರದೆಂದು ಬಾಯಿ ಮತ್ತು ಕಿವಿರಿನ ಮುಚ್ಚಳ ಹೊಲಿಯುವುದು, ದಾರವನ್ನು ಕಣ್ಣಿನ ಗುಳಿಯಲ್ಲಿ ಹಾಯಿಸಿ ಗಾಳವನ್ನು ಮಾಂಸಕ್ಕೆ ಚುಚ್ಚದೆ ತಲೆಯ ಮೇಲೆ ಕಟ್ಟುವುದು, ತಿರುಗದಂತೆ ಬಾಲದ ರೆಕ್ಕೆ ಕತ್ತರಿಸುವುದು, ಬಾಗಿ ಬಳುಕಲೆಂದು ಬೆನ್ನೆಲುಬು ತೆಗೆಯುವುದು. ತಾಟೆ ಎಷ್ಟೋ ಸಲ ಬಾಲದ ಅರ್ಧವನ್ನೇ ಕಚ್ಚಿಕೊಂಡು ಹೋಗುವುದರಿಂದ ಬಾಲದ ಹತ್ತಿರ ಇನ್ನೊಂದು ಗಾಳ ಕಟ್ಟುವವರೂ ಇದ್ದಾರೆ. ಸತ್ತ ಮೀನಿಗೆ ಇಷ್ಟು ಹೊಲಿಗೆ ಹಾಕುವ ಕೆಲಸಗಾರನಿಗೆ ಅಲ್ಲಿ ಬೋಟು ಬಾಡಿಗೆಗೆ ಹಿಡಿದ ದೊಡ್ಡವರು ಮರ್ಯಾದೆ ಕೊಟ್ಟು, ಕೈಗೆ ಕಾಸೂ ಕೊಡುತ್ತಾರೆ. ಕೈ ಅದೇ, ಮೀನು ಅದೇ. ಮೋಜಿನ ಬೋಟಿನಲ್ಲಿ ಅದು ವಿದ್ಯೆ, ಹೊಟ್ಟೆಪಾಡಿನ ಬೋಟಿನಲ್ಲಿ ಅದು ಮಕ್ಕಳೂ ಮಾಡುವ ಕೆಲಸ!

(ಸುವಾರ್ತೆಗಳಲ್ಲಿ ಬಲೆಯ ಮಾತೇ ಹೆಚ್ಚು. ಗಾಳದ ಮಾತು ಬರುವುದು ಮತ್ತಾಯನ 17ನೆಯ ಅಧ್ಯಾಯದಲ್ಲಿ, ದೇವಾಲಯದ ತೆರಿಗೆಗೆ ನಾಣ್ಯ ಬೇಕಾದಾಗ. ಪೇತ್ರನು ಆ ಗಾಳಕ್ಕೆ ಏನು ಕಟ್ಟಿದನೆಂದು ಅಲ್ಲಿಯೂ ಬರೆದಿಲ್ಲ.)

ಈಗ ಹಿಸಾಬಿಗೆ ಬರೋಣ. ಇಂಥ ಬೋಟುಗಳಲ್ಲಿ ಸಾಮಾನ್ಯವಾಗಿ ತಿಂಗಳ ಪಗಾರ ಇರುವುದಿಲ್ಲ, ಪಾಲು ಇರುತ್ತದೆ. ಮೀನು ಮಾರಿದ ಹಣದಲ್ಲಿ ಡೀಸೆಲ್, ಐಸು, ಊಟದ ಸಾಮಾನು, ಎರೆ ಮುಂತಾದ ಖರ್ಚನ್ನು ಮೊದಲು ಕಳೆಯುತ್ತಾರೆ. ಉಳಿದದ್ದರಲ್ಲಿ ಮಾಲೀಕನಿಗೆ ಒಂದು ಭಾಗ, ದುಡಿದವರಿಗೆ ಇನ್ನೊಂದು ಭಾಗ. ನಮ್ಮ ಹುಡುಗನೊಬ್ಬ ತಂದು ತೋರಿಸಿದ ಚೀಟಿಯಲ್ಲಿ ಎರೆಯ ಸಾಲು ಇತ್ತು, ಅದರ ಹಣ ಕಳೆದಿತ್ತು. ಎರೆ ಕಟ್ಟಿದವನ ಸಾಲು ಎಲ್ಲಿಯೂ ಇರಲಿಲ್ಲ. ಹೊಸಬನೆಂದು ಅವನಿಗೆ ಅರ್ಧ ಪಾಲು. ಅಂದರೆ ಎರೆಯ ಖರ್ಚಿನಲ್ಲಿ ಅವನೂ ಭಾಗಿ, ಎರೆಯ ದುಡಿಮೆಗೆ ಮಾತ್ರ ಬೆಲೆಯಿಲ್ಲ. ಆ ಬೋಟಿನ ಹೆಸರು ಇಲ್ಲಿ ಬೇಡ. ಒಂದೇ ಬೋಟಿನ ದೋಷವಾಗಿದ್ದರೆ ನಾನು ಬರೆಯುತ್ತಲೂ ಇರಲಿಲ್ಲ.

ಲೆಕ್ಕಕ್ಕೆಂದು 400 ಗಾಳ ಎಂದುಕೊಳ್ಳಿ. ಕೈ ಪಳಗಿದವನಿಗೂ ಒಂದಕ್ಕೆ ಅರ್ಧ ನಿಮಿಷ ಹಿಡಿಯುತ್ತದೆ ಎಂದುಕೊಳ್ಳಿ. 200 ನಿಮಿಷ, ಅಂದರೆ 3 ಗಂಟೆ 20 ನಿಮಿಷ. 20 ದಿನ ಹೀಗೆಯೇ ಕಟ್ಟಿದರೆ 66 ಗಂಟೆ 40 ನಿಮಿಷ. ನಮ್ಮ ಎಸ್ಟೇಟಿನ ಲೆಕ್ಕದಲ್ಲಿ ಎಂಟು ಶಿಫ್ಟಿಗಿಂತ ಹೆಚ್ಚು. ಇದರಲ್ಲಿ ಐಸು ಒಡೆಯುವುದು, ಮೀನು ಆರಿಸುವುದು, ತಂತಿ ರಿಪೇರಿ, ಮುರಿಗೆ ಬಿಡಿಸುವುದು ಸೇರಿಲ್ಲ. ನಾಲ್ವರು ಹಂಚಿಕೊಂಡರೆ ಒಬ್ಬೊಬ್ಬನಿಗೆ ಎರಡು ಶಿಫ್ಟು ಬೀಳುತ್ತದೆ; ಆದರೆ ಹೊಸ ಹುಡುಗ ಇರುವಾಗ ಯಾರು ಹಂಚಿಕೊಳ್ಳುತ್ತಾರೆ?

ಬೆರಳುಗಳ ಮಾತು ಬೇರೆಯೇ ಇದೆ. ಗಾಳಕ್ಕೆ ಹಿಂದಕ್ಕೆ ಬಾಗಿದ ಒಂದು ಮುಳ್ಳಿರುತ್ತದೆ. ಒಳಗೆ ಹೋದ ಗಾಳ ಬಂದ ದಾರಿಯಲ್ಲಿ ಹೊರಗೆ ಬರುವುದಿಲ್ಲ, ಮಾಂಸ ಹರಿದೇ ಬರಬೇಕು. ಮೀನಿನ ಲೋಳೆ, ಉಪ್ಪುನೀರು, ತುಕ್ಕು ಸೇರಿದ ಗಾಯ ದಡ ಕಾಣುವ ಹೊತ್ತಿಗೆ ಬಾತು ಕೊಳೆತಿರುತ್ತದೆ. ಸಾಲು ಸಮುದ್ರಕ್ಕೆ ಓಡುತ್ತಿರುವಾಗ ಗಾಳ ಕೈಗೋ ಅಂಗಿಗೋ ಸಿಕ್ಕಿದರೆ ಮನುಷ್ಯನೇ ಎರೆಯಾಗಿ ಹೊರಕ್ಕೆ ಹೋಗುತ್ತಾನೆ. ಎಸ್ಟೇಟಿನಲ್ಲಿ ಬೆರಳು ಹೋದರೆ ಇಎಸ್‌ಐ ಎಂದು ಜಗಳವಾಡಲು ಒಂದು ಜಾಗವಾದರೂ ಇದೆ. 1923ರ ನಷ್ಟಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯ ಶೇಕಡ 30 ನಷ್ಟ, ಪೂರ್ತಿ ತೋರುಬೆರಳಿಗೆ ಶೇಕಡ 14, ನಡುಬೆರಳಿಗೆ ಶೇಕಡ 12 ಎಂದು ಬೆರಳಿಗೊಂದು ಲೆಕ್ಕ ಬರೆದಿಟ್ಟಿದ್ದರು. ಎರೆ ಕಟ್ಟುವವನು ಅದನ್ನು ಕೇಳಬೇಕಾದರೆ ತಾನು ಆ ಬೋಟಿನಲ್ಲಿ ದುಡಿದೆನೆಂದು ಮೊದಲು ತೋರಿಸಬೇಕು. ಏನನ್ನು ತೋರಿಸುತ್ತಾನೆ? 2020ರಲ್ಲಿ ಬಂದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಅಪಘಾತದಲ್ಲಿ ಸತ್ತ ಮೀನುಗಾರನ ಮನೆಗೆ 5 ಲಕ್ಷ, ಭಾಗಶಃ ಶಾಶ್ವತ ಅಂಗನಷ್ಟಕ್ಕೆ ಎರಡೂವರೆ ಲಕ್ಷದ ವಿಮೆ ಇಟ್ಟರು, ಅದೂ ನೋಂದಣಿಯಾದವರಿಗೆ. ಒಂದು ಸೀಸನ್ನಿಗೆ ಹೋದ ನಮ್ಮ ಹುಡುಗನ ಹೆಸರು ಆ ಪುಸ್ತಕದಲ್ಲಿ ಇರುವುದಿಲ್ಲ.

ಹೆಸರು ಪುಸ್ತಕದಲ್ಲಿ ಇರುವುದು ಎಷ್ಟು ದೊಡ್ಡ ವಿಷಯ ಎಂಬುದನ್ನು ತೂತ್ತೂರಿನ ಊರುಗಳು ಕಣ್ಣೀರಿನಿಂದ ಕಲಿತವು. 2017ರ ನವೆಂಬರ್ 30ರಂದು ಒಖಿ ಚಂಡಮಾರುತ ಬಂದಾಗ ಅವರ ಬೋಟುಗಳು ಆಳಸಮುದ್ರದಲ್ಲಿದ್ದವು. ದಡದಿಂದ ಎಚ್ಚರಿಕೆ ಕೊಟ್ಟರೂ ಅಷ್ಟು ದೂರಕ್ಕೆ ಕೇಳುವ ಉಪಕರಣ ಬಹಳ ಬೋಟುಗಳಲ್ಲಿ ಇರಲಿಲ್ಲ. ಕೆಲವು ಬೋಟುಗಳು ಲಕ್ಷದ್ವೀಪಕ್ಕೆ, ಕೆಲವು ನಮ್ಮನ್ನು ದಾಟಿ ಮಹಾರಾಷ್ಟ್ರದ ದೇವಗಡಕ್ಕೆ ಹೋಗಿ ಮುಟ್ಟಿದವು. ಎಷ್ಟೋ ಜನ ಎಲ್ಲಿಗೂ ಮುಟ್ಟಲಿಲ್ಲ. ಆಗ ಎದ್ದ ಮೊದಲ ಪ್ರಶ್ನೆಯೇ ಯಾವ ಬೋಟಿನಲ್ಲಿ ಯಾರು ಯಾರು ಹೋಗಿದ್ದರು ಎಂಬುದು. ಸರಕಾರದ ಸಂಖ್ಯೆ ಒಂದು, ಊರಿನ ಗುಡಿಗಳಲ್ಲಿ ಪಾದ್ರಿಗಳು ಮನೆಮನೆಗೆ ಕೇಳಿ ಬರೆದ ಸಂಖ್ಯೆ ಇನ್ನೊಂದು. ಊರಿನವನಾದರೆ ಗುಡಿಯಲ್ಲಾದರೂ ಹೆಸರು ಸಿಕ್ಕೀತು. ಕುಂಕಳ್ಳಿಯ ಬಾಡಿಗೆ ಕೋಣೆಯಿಂದ ಹೋದವನ ಹೆಸರನ್ನು ಯಾರು ಬರೆಯುತ್ತಾರೆ?

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2007ರಲ್ಲಿ ಮೀನುಗಾರಿಕೆಯ ದುಡಿಮೆಗೆಂದೇ 188ನೆಯ ಒಡಂಬಡಿಕೆ ಮಾಡಿತು. ಅದು ಜಾರಿಗೆ ಬಂದದ್ದು 2017ರ ನವೆಂಬರ್ 16ರಂದು, ಒಖಿ ಬರುವ ಎರಡು ವಾರ ಮೊದಲು. ಅದರಲ್ಲಿ ಏನಿದೆ ಕೇಳಿ. ದುಡಿಯುವವನ ಜೊತೆ ಬರವಣಿಗೆಯ ಕರಾರು ಇರಬೇಕು. ಬೋಟಿನಲ್ಲಿರುವವರ ಹೆಸರಿನ ಪಟ್ಟಿ ಹೊರಡುವ ಮೊದಲು ಇಲ್ಲವೇ ಹೊರಟ ಕೂಡಲೇ ದಡಕ್ಕೆ ಮುಟ್ಟಬೇಕು. ಮೂರು ದಿನಕ್ಕಿಂತ ಹೆಚ್ಚು ಸಮುದ್ರದಲ್ಲಿರುವ ಬೋಟಿನಲ್ಲಿ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಇರಬೇಕು. ಸಾಮಾನ್ಯ ನಿಯಮದಂತೆ 16 ವರ್ಷ ತುಂಬದವರನ್ನು ಹತ್ತಿಸಬಾರದು. ಭಾರತ ಇದನ್ನು ಇನ್ನೂ ಒಪ್ಪಿಕೊಂಡಿಲ್ಲ. ಒಪ್ಪುವವರೆಗೆ ನಾವು ಕೇಳಬಾರದೆಂದು ಎಲ್ಲಿಯೂ ಬರೆದಿಲ್ಲವಲ್ಲ.

ಇಷ್ಟರ ಮೇಲೆ ಈಗ ಕಾನೂನಿನ ತೂಕವೊಂದು ಇದೇ ಕೈಯ ಮೇಲೆ ಬಿದ್ದಿದೆ. 2001ರ ಜುಲೈಯಲ್ಲಿ ಕೇಂದ್ರ ಸರಕಾರ ಎಲ್ಲ ಜಾತಿಯ ತಾಟೆ, ತೊರಕೆಗಳನ್ನೂ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿಬಿಟ್ಟಿತು. ಮೀನುಗಾರರು ಎದ್ದು ನಿಂತ ಮೇಲೆ ಅದೇ ಡಿಸೆಂಬರಿನಲ್ಲಿ ಅದನ್ನು 10 ಜಾತಿಗೆ ಇಳಿಸಿದರು. ತಿಮಿಂಗಿಲ ಶಾರ್ಕ್, ಗರಗಸ ಮೀನು ಅದರಲ್ಲಿ ಇದ್ದವು. 2013ರಲ್ಲಿ ರೆಕ್ಕೆ ಮಾತ್ರ ಕತ್ತರಿಸಿ ಮೈಯನ್ನು ಸಮುದ್ರಕ್ಕೆ ಎಸೆಯಬಾರದೆಂದು ನಿಯಮ ಬಂತು. 2015ರಲ್ಲಿ ರೆಕ್ಕೆಯ ರಫ್ತನ್ನೇ ನಿಲ್ಲಿಸಿದರು. ರೆಕ್ಕೆಯ ಹಣ ಹೋದ ಮೇಲೆ ತೂತ್ತೂರಿನವರಲ್ಲಿ ಬಹಳ ಜನ ಕೇದರ ಮತ್ತಿತರ ಮೀನಿಗೆ ತಿರುಗಿದರು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಸುತ್ತಿಗೆ ತಲೆಯ ತಾಟೆಯೂ ಸೇರಿ ಇನ್ನೂ ಹಲವು ಜಾತಿಗಳು ಪಟ್ಟಿಗಳಿಗೆ ಬಂದವು. ಮೊದಲ ಪಟ್ಟಿಯ ಪ್ರಾಣಿಯ ಅಪರಾಧಕ್ಕೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು.

ತಾಟೆಗಳನ್ನು ಉಳಿಸಬಾರದು ಎಂಬುದು ನನ್ನ ವಾದವಲ್ಲ. ಬಂಗುಡೆ ಲಕ್ಷ ಲಕ್ಷ ಮೊಟ್ಟೆ ಇಡುತ್ತದೆ. ದೊಡ್ಡ ಜಾತಿಯ ತಾಟೆ ಎಷ್ಟೋ ವರ್ಷ ಬೆಳೆದು, ಸುಮಾರು ಒಂದು ವರ್ಷ ಹೊತ್ತು, ಕೆಲವೇ ಮರಿ ಹಾಕುತ್ತದೆ. ಹಿಡಿದ ವೇಗದಲ್ಲಿ ಅದು ಹುಟ್ಟಲಾರದು. ನನ್ನ ಪ್ರಶ್ನೆ ಬೇರೆ. ನಿಷಿದ್ಧ ತಾಟೆ ಗಾಳಕ್ಕೆ ಬಂದರೆ ಅದು ಜೀವಂತ ತಿರುಗಿ ಹೋಗುವುದೋ ಸತ್ತೇ ಬರುವುದೋ ಎಂಬುದನ್ನು ಬಹಳಷ್ಟು ನಿರ್ಣಯಿಸುವುದು ಗಾಳ ಮತ್ತು ಎರೆ. ಜೆ ಆಕಾರದ ಗಾಳವನ್ನು ಮೀನು ನುಂಗಿದರೆ ಅದು ಕರುಳಿಗೆ ನಾಟುತ್ತದೆ, ಬಿಟ್ಟರೂ ಬದುಕುವುದು ಕಷ್ಟ. ಮೊನೆ ಒಳಕ್ಕೆ ತಿರುಗಿದ ದುಂಡು ಗಾಳ ಗಂಟಲಿನಿಂದ ಜಾರಿ ಬಂದು ಹೆಚ್ಚಾಗಿ ದವಡೆಯ ಮೂಲೆಗೆ ಸಿಕ್ಕುತ್ತದೆ. ಆದರೆ ಅದರ ಬಾಗನ್ನು ಎರೆಯಿಂದ ತುಂಬಿಸದೆ ತೆರೆದು ಕಟ್ಟಿದಾಗ ಮಾತ್ರ ಅದು ಸರಿಯಾಗಿ ಕೆಲಸ ಮಾಡೀತು. ತಂತಿಯ ಬದಲು ನೈಲಾನ್ ಇದ್ದರೆ ತಾಟೆ ಕಡಿದುಕೊಂಡು ಹೋಗುತ್ತದೆ. ಆಸ್ಟ್ರೇಲಿಯಾದ ಟ್ಯೂನಾ ಬೋಟುಗಳಿಗೆ ಈ ಕಾರಣಕ್ಕಾಗಿಯೇ ತಂತಿ ನಿಷೇಧ. ಯಾವ ಗಾಳ, ತಂತಿಯೋ ದಾರವೋ ಎಂದು ಆರಿಸುವವನು ಮಾಲೀಕ. ಕಟ್ಟುವವನು ಕೂಲಿ. ಇಲಾಖೆಯವರು ಬಂದಾಗ ಮೀನಿನ ಪಕ್ಕದಲ್ಲಿ ಕೈ ಕೆಂಪು ಮಾಡಿಕೊಂಡು ನಿಂತಿರುವವನೂ ಕೂಲಿಯೇ. ಯಾವುದು ಹಿಡಿಯಬಹುದು, ಯಾವುದು ಹಿಡಿಯಬಾರದು ಎಂದು ಚಿತ್ರ ತೋರಿಸಿ ಅವನಿಗೆ ಅವನ ಭಾಷೆಯಲ್ಲಿ ಯಾರಾದರೂ ಹೇಳಿದ್ದಾರೆಯೇ?

ಮಾಲೀಕರ ಪರವಾಗಿಯೂ ಒಂದು ಮಾತು ಇದೆ, ಅದನ್ನು ಮುಚ್ಚಿಡಬಾರದು. ಡೀಸೆಲ್ ಏರಿದೆ, ಮೀನು ಇಳಿದಿದೆ, ಎಷ್ಟೋ ಬೋಟುಗಳು ಸಾಲದ ಮೇಲೆ ನಿಂತಿವೆ. ಬರಿಗೈಯಲ್ಲಿ ಬಂದ ಟ್ರಿಪ್ಪಿನಲ್ಲಿ ಅವರಿಗೂ ನಷ್ಟ. ಸರಿ. ಆದರೆ ಹೆಸರು ಬರೆಯುವುದಕ್ಕೆ ಡೀಸೆಲ್ ಬೇಕಾಗಿಲ್ಲ. ತಂತಿಗೆ ತಾಳುವ ಒಂದು ಜೊತೆ ಕೈಚೀಲ, ಗಾಳ ಕತ್ತರಿಸುವ ಒಂದು ಕಟ್ಟರ್, ಗಾಯಕ್ಕೆ ಔಷಧದ ಪೆಟ್ಟಿಗೆ ಇವುಗಳ ಬೆಲೆ ಒಂದು ದಿನದ ಐಸಿಗಿಂತ ಹೆಚ್ಚಾಗಲಾರದು. 2024ರಲ್ಲಿ ಕುಟ್ಬಣದಲ್ಲಿ ಕಾಲರಾ ಬಂದು ಬೋಟಿನ ಕೂಲಿಗಳು ಸತ್ತದ್ದನ್ನು ನಾವೆಲ್ಲ ಕೇಳಿದೆವು. ಕುಡಿಯುವ ನೀರು, ಪಾಯಖಾನೆಯ ಮಾತು ಎದ್ದದ್ದು ಹೆಣ ಬಿದ್ದ ಮೇಲೆ. ಬೆರಳಿನ ಮಾತಿಗೂ ಹಾಗೆ ಕಾಯಬೇಕೇ?

ಮಳೆಗಾಲದ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ. ಮೇಸ್ತ್ರಿಗಳು ಮುಂಗಡ ಹಿಡಿದು ಬರುವುದು ಈ ಎರಡು ತಿಂಗಳಲ್ಲಿ, ಮನೆಯಲ್ಲಿ ಶಾಲೆಯ ಫೀ, ಊರಿನ ಬಿತ್ತನೆ ಎರಡೂ ಒಟ್ಟಿಗೆ ಬಂದಾಗ. ತಾಯಂದಿರೇ, ಆ ಹಣ ಕೈಗೆ ತೆಗೆದುಕೊಳ್ಳುವ ಮೊದಲು ಮೇಸ್ತ್ರಿಯನ್ನು ಕೂರಿಸಿ ಚಹಾ ಕೊಟ್ಟು ಕೇಳಿ: ಬೋಟಿನ ನಂಬರು ಯಾವುದು, ಮಾಲೀಕ ಯಾರು, ಎಷ್ಟು ದಿನದ ಟ್ರಿಪ್ಪು, ಹುಡುಗನಿಗೆ ಪೂರ್ತಿ ಪಾಲೋ ಅರ್ಧವೋ, ಎರೆ ಕಟ್ಟುವ ಹೊತ್ತು ಯಾವ ಲೆಕ್ಕದಲ್ಲಿ, ಅವನ ಹೆಸರು ಯಾವ ಪುಸ್ತಕದಲ್ಲಿ. ಉತ್ತರವನ್ನು ಒಂದು ಕಾಗದದಲ್ಲಿ ಬರೆಸಿಕೊಂಡು ಅದನ್ನು ಮನೆಯಲ್ಲೇ ಇಟ್ಟುಕೊಳ್ಳಿ, ಹುಡುಗನ ಜೇಬಿನಲ್ಲಿ ಬೇಡ. ಬರೆದುಕೊಡಲು ಒಪ್ಪದ ಮೇಸ್ತ್ರಿಯ ಚಹಾದ ಲೋಟ ತೆಗೆದಿಡಿ.

ಹೋದ ಸೀಸನ್ನಿನಲ್ಲಿ ಬೋಟಿಗೆ ಹೋಗಿ ಬಂದವರು ಇದ್ದರೆ, ಅವರ ಹಿಸಾಬಿನ ಚೀಟಿಗಳನ್ನು ಹರಿಯದೆ ತನ್ನಿ. ಭಾನುವಾರ ಪೂಜೆಯ ನಂತರ ಗುಡಿಯ ಹಿಂದಿನ ಜಗುಲಿಯಲ್ಲಿ ನಾನೂ ಯೂನಿಯನ್ನಿನ ಇನ್ನಿಬ್ಬರೂ ಕುಳಿತಿರುತ್ತೇವೆ. ಹತ್ತು ಚೀಟಿಗಳನ್ನು ಪಕ್ಕಪಕ್ಕಕ್ಕೆ ಇಟ್ಟು ನೋಡಿದರೆ ಎರೆಯ ಹೆಸರಿನಲ್ಲಿ ಯಾರು ಎಷ್ಟು ಕಳೆದಿದ್ದಾರೆ ಎಂಬುದು ಗೊತ್ತಾಗುತ್ತದೆ; ಆ ಪಟ್ಟಿ ಹಿಡಿದು ಆಗಸ್ಟ್ ಒಂದರ ಮೊದಲೇ ಜೆಟ್ಟಿಗೆ ಹೋಗಿ ಮಾತನಾಡಬೇಕು. ಓದು ಬಾರದವರ ಚೀಟಿಯನ್ನು ಅಲ್ಲೇ ಓದಿ ಹೇಳುತ್ತೇವೆ.